ಯಾವ ಶಾಲೆ ಒಳ್ಳೆಯದು?

ಮುಂಗಾರಿನ ಮೊದಲ ಮೋಡಗಳು ಮಾಕುಟ್ಟದ ಕಡೆಯಿಂದ ಮೇಲೇರಿ ಬರುವ ಹೊತ್ತಿಗೆ ಸರಿಯಾಗಿ, ನಮ್ಮ ವಿರಾಜಪೇಟೆಯಲ್ಲಿ ವರ್ಷಕ್ಕೊಮ್ಮೆ ಒಂದು ಚರ್ಚೆ ತಲೆಯೆತ್ತುತ್ತದೆ. ಗಡಿಯಾರ ಕಂಬದ ಬುಡದಲ್ಲಿ, ಬಸ್ಸಿನಲ್ಲಿ, ಮದುವೆಯ ಮನೆಯ ಊಟದ ಸಾಲಿನಲ್ಲಿ, ಎಲ್ಲಿ ನಾಲ್ವರು ತಾಯಿತಂದೆಗಳು ಕೂಡಿದರೂ ಪ್ರಶ್ನೆ ಒಂದೇ: "ಯಾವ ಶಾಲೆ ಒಳ್ಳೆಯದು?" ಮಳೆ ಬಲಿತು ಶಾಲೆಗಳು ಒಂದು ಹದಕ್ಕೆ ಬಂದೊಡನೆ ಆ ಚರ್ಚೆ ತಾನಾಗಿಯೇ ಅಡಗುತ್ತದೆ; ಮರುವರ್ಷ ಮತ್ತೆ ಮೊಳೆಯುತ್ತದೆ. ಪ್ರೌಢಶಾಲೆಯಲ್ಲಿ ಬಹುಕಾಲ ಗಣಿತವನ್ನು ಬೋಧಿಸಿ ನಿವೃತ್ತನಾದ ನನ್ನ ಮನೆಯ ಜಗಲಿಗೂ ಈ ಪ್ರಶ್ನೆ ಬರುವುದುಂಟು. ಬಸ್ಸಿನ ವೇಳೆಯನ್ನು ಹೇಳುವಷ್ಟು ಸಲೀಸಾಗಿ ನಾನು ಉತ್ತರ ಹೇಳುತ್ತಿದ್ದ ಕಾಲವೂ ಒಂದಿತ್ತು.

ಈ ಸಲದ ಮೇ ತಿಂಗಳಲ್ಲಿ ಒಬ್ಬ ತಾಯಿ ತನ್ನ ಮಗಳ ಕೈಹಿಡಿದುಕೊಂಡು ಬಂದಳು. ಯರವರ ಹೆಣ್ಣುಮಗಳು, ಸಿದ್ದಾಪುರದ ದಾರಿಯ ಒಂದು ಕಾಫಿ ತೋಟದ ಲೈನ್‌ಮನೆಯಲ್ಲಿ ವಾಸ. ಮಗಳು ತೋಟದಂಚಿನ ಸರ್ಕಾರಿ ಶಾಲೆಯಲ್ಲಿ ಐದನೆಯ ತರಗತಿ ಮುಗಿಸಿದ್ದಾಳೆ. "ಮೇಷ್ಟ್ರೇ, ಇವಳನ್ನು ಆರಕ್ಕೆ ಇದ್ದಲ್ಲೇ ಬಿಡಲೋ, ಪೇಟೆಯ ಶಾಲೆಗೆ ಹಾಕಲೋ? ನೀವು ಹೇಳಿದ ಹಾಗೆ," ಎಂದಳು.

ನನಗೆ ಮಾತು ಹೊರಡಲಿಲ್ಲ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಇದೇ ಜಗಲಿಯಲ್ಲಿ, ಇದೇ ಪ್ರಶ್ನೆಯನ್ನು ಇವಳ ವಿಷಯವಾಗಿ ಇವಳ ತಂದೆ ಕೇಳಿದ್ದನು. ಆಗ ನಾನು ಒಂದು ಕ್ಷಣವೂ ತಡೆಯದೆ ಉತ್ತರ ಹೇಳಿದ್ದೆನು. ಆ ಉತ್ತರದಿಂದ ಏನಾಯಿತೆಂಬುದನ್ನು ಹೇಳಬೇಕೆಂದೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ಮೊದಲು ಮಾತನ್ನು ಸ್ಪಷ್ಟಪಡಿಸಿಕೊಳ್ಳೋಣ. ಹಿಂದೆ ನಾವು 'ಮಿಡ್ಲ್‌ಸ್ಕೂಲು' ಎನ್ನುತ್ತಿದ್ದುದು ಈಗ ಸರ್ಕಾರದ ಕಾಗದಗಳಲ್ಲಿ 'ಹಿರಿಯ ಪ್ರಾಥಮಿಕ ಶಾಲೆ' ಎನಿಸಿಕೊಂಡಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಆರು, ಏಳು ಮತ್ತು ಎಂಟನೆಯ ತರಗತಿಗಳು ಈ ಹಂತಕ್ಕೆ ಸೇರತಕ್ಕವು. ಆದರೂ ನಮ್ಮ ರಾಜ್ಯದ ಅನೇಕ ಕಡೆ ಎಂಟನೆಯ ತರಗತಿ ಇನ್ನೂ ಪ್ರೌಢಶಾಲೆಯ ಆವರಣದಲ್ಲಿಯೇ ಉಳಿದಿದೆ. ಹೆಸರು ಯಾವುದಾದರೇನು? ಮಗುವಿನ ವಿದ್ಯಾಭ್ಯಾಸದ ಹೊಳೆಯಲ್ಲಿ ಸುಳಿ ಇರುವುದು ಇಲ್ಲಿಯೇ. ಅದುವರೆಗೆ ಅಕ್ಷರವನ್ನು ಓದಲು ಕಲಿತ ಮಗು ಇನ್ನು ಮೇಲೆ ಓದಿ ಕಲಿಯಬೇಕಾಗುತ್ತದೆ. ಭಿನ್ನರಾಶಿ, ಋಣಸಂಖ್ಯೆ, ಬೀಜಗಣಿತ ಬಂದು ಎದುರು ನಿಲ್ಲುತ್ತವೆ. ಕನ್ನಡ, ಇಂಗ್ಲಿಷುಗಳ ಜೊತೆಗೆ ಆರನೆಯ ತರಗತಿಯಿಂದ ಮೂರನೆಯ ಭಾಷೆಯೊಂದು ಬಂದು ಕೂಡುತ್ತದೆ. ಅದೇ ವಯಸ್ಸಿನಲ್ಲಿ ಮಗುವಿನ ಕೈಗೆ ಬಲವೂ ಬರುತ್ತದೆ. ಹನ್ನೊಂದು ವರ್ಷದ ಹುಡುಗಿ ತಮ್ಮನನ್ನು ನೋಡಿಕೊಳ್ಳಬಲ್ಲಳು, ಕಾಫಿ ಕೊಯ್ಲಿನಲ್ಲಿ ತಾಯಿಯ ಪಕ್ಕದಲ್ಲಿ ನಿಲ್ಲಬಲ್ಲಳು. ಶಾಲೆ ಕಠಿನವಾಗುವುದೂ ಮನೆಗೆ ಮಗು ಉಪಯುಕ್ತವಾಗುವುದೂ ಒಂದೇ ವರ್ಷದಲ್ಲಿ. ಬಡವರ ಮಕ್ಕಳು ಶಾಲೆಯಿಂದ ಜಾರುವುದು ಇದೇ ಸಂಧಿಯಲ್ಲಿ.

ಇನ್ನು ನಮ್ಮೂರು. ದೊಡ್ಡ ವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ಪೇಟೆ ಇದು. ಟಿಪ್ಪುವಿನ ಕಾಲದ ಗಲಭೆಗಳಿಂದ ನೊಂದು ಬಂದ ಕ್ರೈಸ್ತ ಕುಟುಂಬಗಳಿಗೆ ಅರಸನು ಆಶ್ರಯ ಕೊಟ್ಟುದರ ಗುರುತಾಗಿ ಸಂತ ಅನ್ನಮ್ಮನ ಇಗರ್ಜಿ ಇಂದಿಗೂ ಇದೆ. ಆರಂಭದಿಂದಲೂ ಇದು ಹಲವು ಕಡೆಯ ಜನ ಕೂಡಿ ಬೆಳೆಸಿದ ಊರು. 2011ರ ಜನಗಣತಿಯಲ್ಲಿ ಪಟ್ಟಣದ ಜನಸಂಖ್ಯೆ ಸುಮಾರು 17 ಸಾವಿರ. ಆದರೆ ಈ 17 ಸಾವಿರ ಮಂದಿಯ ಮನೆಮಾತುಗಳನ್ನು ಎಣಿಸಹೊರಟರೆ ಒಂದು ಕೈಯ ಬೆರಳುಗಳು ಸಾಲವು. ಕೊಡವ ತಕ್ಕ್, ಮಲೆಯಾಳ, ಕನ್ನಡ, ತುಳು, ಕೊಂಕಣಿ, ಬ್ಯಾರಿ, ಅರೆಭಾಷೆ, ತಮಿಳು; ಸುತ್ತಲ ಹಾಡಿಗಳಿಗೂ ಲೈನ್‌ಮನೆಗಳಿಗೂ ಹೋದರೆ ಯರವರ ಮಾತು, ಕುರುಬರ ಮಾತು; ಈಚಿನ ವರ್ಷಗಳಲ್ಲಿ ತೋಟದ ಕೆಲಸಕ್ಕೆ ಅಸ್ಸಾಮಿನಿಂದ ಬಂದವರ ಮಾತು. ಇಷ್ಟು ಮನೆಗಳಿಂದ ಹೊರಟ ಮಕ್ಕಳೆಲ್ಲ ಒಂದೇ ಕನ್ನಡ ಪುಸ್ತಕದ ಮುಂದೆ ಬಂದು ಕೂರುತ್ತಾರೆ. ಒಬ್ಬನಿಗೆ ಅದು ಅಜ್ಜಿಯ ಮಾತು. ಪಕ್ಕದಲ್ಲಿ ಕುಳಿತವಳಿಗೆ ಸರ್ಕಾರದ ಮಾತು. ಇವರಿಬ್ಬರಿಗೂ ಒಂದೇ ಗೆರೆಯಿಂದ ಓಟ ಪ್ರಾರಂಭವಾಗುತ್ತದೆಂದು ನಾವು ಭಾವಿಸುತ್ತೇವೆ.

ನನ್ನದೂ ಇಂಥದೇ ಒಂದು ಭಾವನೆ. ಎಂಟನೆಯ ತರಗತಿಗೆ ಸುತ್ತಲಿನ ಎಷ್ಟೋ ಶಾಲೆಗಳಿಂದ ಮಕ್ಕಳು ಬರುತ್ತಿದ್ದರು. ಮಾಧ್ಯಮಿಕ ಶಾಲೆಗಳನ್ನು ತೂಗಿನೋಡಲು ಪ್ರೌಢಶಾಲೆಯ ಬಾಗಿಲಿಗಿಂತ ಒಳ್ಳೆಯ ತಕ್ಕಡಿ ಬೇರೆ ಇಲ್ಲವೆಂದು ನಾನು ನಂಬಿದ್ದೆನು. ಪ್ರತಿ ವರ್ಷ ಜೂನ್ ತಿಂಗಳ ಮೊದಲ ವಾರದಲ್ಲಿ ಐದು ಲೆಕ್ಕಗಳ ಒಂದು ಹಾಳೆಯನ್ನು ಕೊಡುತ್ತಿದ್ದೆ. ಮುಕ್ಕಾಲಿನಿಂದ ಮೂರನೆಯ ಒಂದು ಭಾಗವನ್ನು ಕಳೆಯುವುದು, ಗದ್ದೆಯೊಂದರ ಉದ್ದ ಅಗಲಗಳಿಂದ ವಿಸ್ತೀರ್ಣವನ್ನು ಹೇಳುವುದು, 50 ಕಿಲೊ ಚೀಲಕ್ಕೆ ಇಷ್ಟು ಬೆಲೆಯಾದರೆ ಏಳೂವರೆ ಚೀಲ ಕಾಫಿಗೆ ಎಷ್ಟು ಎಂಬುದು, ಹೀಗೆ. ಉತ್ತರಗಳನ್ನು ತಿದ್ದಿ, ಮಕ್ಕಳು ಬಂದ ಶಾಲೆಗಳ ಹೆಸರಿನ ಕೆಳಗೆ ಅಂಕಗಳನ್ನು ಬರೆದು, ಸರಾಸರಿ ತೆಗೆದು, ನೀಲಿ ರಟ್ಟಿನ ಒಂದು ಪುಸ್ತಕದಲ್ಲಿ ಇಡುತ್ತಿದ್ದೆ. ಯಾರೂ ಹೇಳದೆ ಮಾಡಿದ ಕೆಲಸವಾದ್ದರಿಂದ ಅದರ ಮೇಲೆ ನನಗೆ ಅಭಿಮಾನವೂ ಹೆಚ್ಚು.

ಆ ಪುಸ್ತಕದಲ್ಲಿ ಪೇಟೆಯ ನಡುವಿನ ಒಂದು ಸರ್ಕಾರಿ ಶಾಲೆ ವರ್ಷವರ್ಷವೂ ಮೇಲೆ ನಿಲ್ಲುತ್ತಿತ್ತು. ತೋಟದಂಚಿನ ಆ ಶಾಲೆ ವರ್ಷವರ್ಷವೂ ತಳದಲ್ಲಿ. ಅದರಲ್ಲಿ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಆದುದರಿಂದ, 2006ರಲ್ಲಿ ಲೈನ್‌ಮನೆಯಿಂದ ಆ ತಂದೆ ಬಂದು, "ಹುಡುಗಿ ಚುರುಕಿದ್ದಾಳೆಂದು ಮಾಷ್ಟ್ರು ಹೇಳುತ್ತಾರೆ, ಏನು ಮಾಡಲಿ?" ಎಂದು ಕೇಳಿದಾಗ, "ಚುರುಕಿದ್ದರೆ ಅಲ್ಲಿ ಏಕೆ ಕೊಳೆಸುತ್ತೀ? ಪೇಟೆಯ ಶಾಲೆಗೆ ಸೇರಿಸು," ಎಂದುಬಿಟ್ಟೆ. ಆತ ಸೇರಿಸಿದ. ನಾನು ಒಂದು ಒಳ್ಳೆಯ ಕೆಲಸ ಮಾಡಿದೆನೆಂದು ಆ ದಿನ ಹಿಗ್ಗಿದೆ.

ಅನಂತರದ ಸಂಗತಿ ನನಗೆ ತಿಳಿದದ್ದು ಎರಡು ವರ್ಷಗಳ ಮೇಲೆ. ಅದೂ ನಾನಾಗಿ ವಿಚಾರಿಸಿ ಅಲ್ಲ. ಆ ಹುಡುಗಿ ಎಂಟನೆಯ ತರಗತಿಗೆ ನನ್ನಲ್ಲಿಗೆ ಬರಬೇಕಾಗಿತ್ತಷ್ಟೆ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿಲ್ಲವೆಂಬುದು ನನ್ನ ಗಮನಕ್ಕೆ ಬರಲೂ ಇಲ್ಲ. ಒಂದು ದಿನ ತರಬೇತಿ ಸಭೆಯೊಂದರಲ್ಲಿ ತೋಟದಂಚಿನ ಶಾಲೆಯ ಮುಖ್ಯೋಪಾಧ್ಯಾಯರು ಪಕ್ಕದಲ್ಲಿ ಕುಳಿತರು. ಬಯಲುಸೀಮೆಯಿಂದ ಬಂದವರು, ವರ್ಗಾವಣೆ ಕೇಳದೆ ಇಲ್ಲಿಯೇ ಉಳಿದವರು. ನನ್ನ ನೀಲಿ ಪುಸ್ತಕದ ವಿಷಯ ಹೇಗೋ ಅವರಿಗೆ ಗೊತ್ತಿತ್ತು. ಅದನ್ನು ನೋಡಬಹುದೇ ಎಂದು ಕೇಳಿದರು. ಸಂಜೆ ಮನೆಗೆ ಬಂದು ಹಾಳೆಹಾಳೆಯಾಗಿ ನೋಡಿದರು. ಮುಚ್ಚಿಟ್ಟು ಹೇಳಿದರು: "ಚೆನ್ನಾಗಿದೆ ಸಾರ್. ಬಂದವರ ಲೆಕ್ಕವೆಲ್ಲ ಇದೆ. ಬಾರದವರನ್ನು ಎಲ್ಲಿ ಬರೆದಿದ್ದೀರಿ?"

ಆಮೇಲೆ ಆ ಹುಡುಗಿಯ ಕತೆಯನ್ನು ಅವರೇ ಹೇಳಿದರು. ತೋಟದ ಗೇಟಿಗೆ ಬಸ್ಸು ಬರುವ ಹೊತ್ತು, ತಾಯಿತಂದೆಗಳು ಕೆಲಸದ ಹಾಜರಿಗೆ ನಿಲ್ಲಬೇಕಾದ ಹೊತ್ತು ಎರಡೂ ಒಂದೇ. ಕಾಡಾನೆ ತಿರುಗುವ ದಾರಿಯಲ್ಲಿ ಹನ್ನೊಂದರ ಹುಡುಗಿ ಒಬ್ಬಳೇ ನಡೆಯುವಂತಿರಲಿಲ್ಲ. ನಡೆದ ದಿನ ಬಸ್ಸು ತುಂಬಿದ್ದರೆ ನಿಲ್ಲುತ್ತಿರಲಿಲ್ಲ. ಜುಲೈ ಮಳೆಯಲ್ಲಿ ನೆನೆದು, ತಡವಾಗಿ ಶಾಲೆ ಮುಟ್ಟಿ, ಬಾಗಿಲ ಹೊರಗೆ ನಿಂತ ದಿನಗಳು ಹಲವು. ಹಿಂದಿನ ಬೆಂಚಿನಲ್ಲಿ ಕುಳಿತವಳ ಮಾತು ಅಲ್ಲಿ ಯಾರಿಗೂ ತಿಳಿಯದು. ಅವಳೂ ಮಾತಾಡಲು ನಾಚಿ ಬಾಯಿ ಮುಚ್ಚಿಕೊಂಡಳು. ದಸರೆಯ ರಜೆಗೆ ಮನೆಗೆ ಹೋದವಳು ತಿರುಗಿ ಬರಲಿಲ್ಲ. ಬಹುದಿನ ಗೈರುಹಾಜರಾದಳೆಂದು ಹೆಸರಿನ ಮೇಲೆ ಕೆಂಪು ಗೆರೆ ಎಳೆದರು. ರೊಬಸ್ಟ ಕೊಯ್ಲಿನ ಹೊತ್ತಿಗೆ ಅವಳು ತಾಯಿಯ ಪಕ್ಕದಲ್ಲಿ ಚೀಲ ಹಿಡಿದಿದ್ದಳು. ಪೇಟೆಯ ಶಾಲೆಯವರು ದುಷ್ಟರಲ್ಲ. ಅವರ ತರಗತಿಯಲ್ಲಿ ಮಕ್ಕಳು ತುಂಬಿದ್ದರು, ಒಬ್ಬಳು ಇಲ್ಲದ್ದು ಕಾಣಲಿಲ್ಲ, ಅಷ್ಟೆ. ನನಗೂ ಕಾಣಲಿಲ್ಲ.

ತೋಟದಂಚಿನ ಶಾಲೆಯಲ್ಲಿ ಆಗಿದ್ದರೆ? ಮಗು ಎರಡು ದಿನ ಬಾರದಿದ್ದರೆ ಮೂರನೆಯ ದಿನ ಮುಖ್ಯೋಪಾಧ್ಯಾಯರು ತಾವೇ ಲೈನ್‌ಮನೆಗೆ ನಡೆದು ಹೋಗುತ್ತಿದ್ದರು. ಯರವರ ಮಾತಿನಲ್ಲಿ ನಾಲ್ಕು ವಾಕ್ಯಗಳನ್ನು ಕಲಿತಿದ್ದರು. ಕೊಡಗಿಗೆ ಹೊರಗಿನಿಂದ ಬಂದು ಕೊಡಗನ್ನು ತಮ್ಮದಾಗಿ ಮಾಡಿಕೊಂಡ ಉಪಾಧ್ಯಾಯರ ಪರಂಪರೆ ನಮ್ಮಲ್ಲಿ ಹಳೆಯದು. ಬಂಟ್ವಾಳದಿಂದ ಬಂದು ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಪಂಜೆ ಮಂಗೇಶರಾಯರಲ್ಲವೆ ನಮಗೆ 'ಹುತ್ತರಿ ಹಾಡ'ನ್ನು ಕೊಟ್ಟವರು? ಇವರು ಕವಿಗಳಲ್ಲ, ಆದರೆ ಆ ಪರಂಪರೆಯವರು. ಅವರ ಶಾಲೆಯಿಂದ ಆ ವರ್ಷ ಏಳನೆಯ ತರಗತಿ ಮುಗಿಸಿದ ಮಕ್ಕಳು 11. ಎಂಟಕ್ಕೆ ಸೇರಿದವರೂ 11. ಪೇಟೆಯ ಶಾಲೆಯ ಆರನೆಯ ತರಗತಿಯಲ್ಲಿದ್ದವರಲ್ಲಿ ಎಷ್ಟು ಮಂದಿ ಎಂಟನ್ನು ಮುಟ್ಟಿದರೆಂದು ನಾನು ಎಂದೂ ನೋಡಿರಲಿಲ್ಲ. ಜಾರಿಹೋದವರು ನನ್ನ ಸರಾಸರಿಯನ್ನು ಕೆಡಿಸಲಿಲ್ಲ. ನಿಜ ನೋಡಿದರೆ, ಹಿಂದುಳಿದವರು ಜಾರಿದಷ್ಟೂ ಶಾಲೆಯ ಸರಾಸರಿ ಮೇಲೇರುತ್ತಿತ್ತು. ಗಣಿತದ ಉಪಾಧ್ಯಾಯನಾಗಿ ಈ ಸಣ್ಣ ಸಂಗತಿ ನನಗೆ ಹೊಳೆಯದಿದ್ದುದಕ್ಕೆ ಇಂದಿಗೂ ನಾಚುತ್ತೇನೆ.

ಅವರು ಇನ್ನೊಂದು ಮಾತನ್ನೂ ಸೂಚಿಸಿದರು: ಆರನೆಯ ತರಗತಿಯ ಮೊದಲ ವಾರದಲ್ಲಿ ಒಂದು ಹಾಳೆ, ಏಳನೆಯ ತರಗತಿಯ ಕೊನೆಯ ವಾರದಲ್ಲಿ ಅದೇ ಮಟ್ಟದ ಇನ್ನೊಂದು ಹಾಳೆ. ಎರಡು ಶಾಲೆಗಳವರೂ ಒಪ್ಪಿದರು. ಫಲವನ್ನು ಉಳ್ಳದ್ದು ಉಳ್ಳಂತೆ ಹೇಳುತ್ತೇನೆ. ಪೇಟೆಯ ಶಾಲೆಯ ಮಕ್ಕಳು ಮೇಲಿನಿಂದ ಹೊರಟು ಇನ್ನಷ್ಟು ಮೇಲಕ್ಕೆ ಹೋಗಿದ್ದರು. ತೋಟದಂಚಿನ ಮಕ್ಕಳು ಬಹುಮಟ್ಟಿಗೆ ಸೊನ್ನೆಯಿಂದ ಹೊರಟವರು. ಕನ್ನಡ ಓದಿನಲ್ಲಿ ಅವರು ನಡೆದ ದೂರ ಪೇಟೆಯವರು ನಡೆದುದಕ್ಕಿಂತ ಹೆಚ್ಚು. ಆದರೆ ಭಿನ್ನರಾಶಿಯಲ್ಲಿ ಅವರು ಇನ್ನೂ ಎಡವುತ್ತಿದ್ದರು. ಏಕೆಂದರೆ ಅಲ್ಲಿ ಗಣಿತಕ್ಕೆಂದು ಒಬ್ಬ ಉಪಾಧ್ಯಾಯರು ಇರಲಿಲ್ಲ. ಪ್ರೀತಿ ಇದ್ದಲ್ಲಿ ಗಣಿತ ತಾನಾಗಿ ಬರುವುದಿಲ್ಲ. ಬಡ ಮಕ್ಕಳು, ಇಷ್ಟು ಕಲಿತರೆ ಸಾಕು ಎಂಬ ಕರುಣೆಯೂ ಒಂದು ಬಗೆಯ ಅನ್ಯಾಯವೇ. ಆದಕಾರಣ ತಳದಲ್ಲಿದ್ದ ಶಾಲೆಯೇ ನಿಜವಾಗಿ ಮೇಲು ಎಂದು ಪಟ್ಟಿಯನ್ನು ತಲೆಕೆಳಗು ಮಾಡಲು ನಾನು ಹೊರಟಿಲ್ಲ. ಒಂದು ಶಾಲೆಗೆ ಮಗುವನ್ನು ಉಳಿಸಿಕೊಳ್ಳಲು ಗೊತ್ತಿತ್ತು, ಇನ್ನೊಂದಕ್ಕೆ ಲೆಕ್ಕ ಕಲಿಸಲು ಗೊತ್ತಿತ್ತು. ಊರಿಗೆ ಎರಡೂ ಬೇಕು. ನಾವಾದರೋ ಎರಡರಲ್ಲಿ ಒಂದನ್ನು ಆರಿಸಹೊರಡುತ್ತೇವೆ.

ಹೋಲಿಕೆಯೇ ತಪ್ಪೆಂದು ಹೇಳುವವರೂ ಇದ್ದಾರೆ. ನಾನು ಆ ಪಕ್ಷದವನಲ್ಲ. ಹೋಲಿಸದೆ ಕೊರತೆ ತಿಳಿಯುವುದೆಂತು? ಆದರೆ ಯಾವುದನ್ನು ಎಣಿಸುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಇಂಗ್ಲೆಂಡಿನಲ್ಲಿ 1992ರಿಂದ ಶಾಲೆಗಳ ಪರೀಕ್ಷಾಫಲಗಳನ್ನು ಪಟ್ಟಿಯಾಗಿ ಪ್ರಕಟಿಸುತ್ತ ಬಂದರು. ಸುಖವಂತರ ಬಡಾವಣೆಯ ಶಾಲೆಗಳು ಮೇಲೆ, ಕೂಲಿಕಾರರ ಬಡಾವಣೆಯವು ಕೆಳಗೆ ಕಂಡವು. ಇದು ಶಾಲೆಗಳ ಪಟ್ಟಿಯೋ ತಾಯಿತಂದೆಗಳ ಪಟ್ಟಿಯೋ ಎಂಬ ಟೀಕೆ ಹುಟ್ಟಿತು. ಮಗು ಎಲ್ಲಿಂದ ಹೊರಟಿತೆಂಬುದನ್ನೂ ಲೆಕ್ಕಕ್ಕೆ ಹಿಡಿಯುವ ಅಳತೆಗಳನ್ನು ಅಲ್ಲಿ ಆಮೇಲೆ ಸೇರಿಸಬೇಕಾಯಿತು. ನೆರೆಯ ವೇಲ್ಸ್ 2001ರಲ್ಲಿ ಅಂಥ ಪಟ್ಟಿಗಳ ಪ್ರಕಟಣೆಯನ್ನೇ ನಿಲ್ಲಿಸಿತು. ಅಷ್ಟು ದೂರವೇಕೆ? ನಮ್ಮ ಮಗ್ಗುಲಲ್ಲೇ ಇರುವ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಆರಂಭವಾದ 'ನಲಿ ಕಲಿ' ಪದ್ಧತಿಯ ತಿರುಳೇನು? ಮಗು ತನ್ನ ಮೆಟ್ಟಿಲಿನಿಂದ ತನ್ನ ಮುಂದಿನ ಮೆಟ್ಟಿಲಿಗೆ ಏರಬೇಕು. ಅದರ ಹೋಲಿಕೆ ನೆರೆಯವನೊಡನೆ ಅಲ್ಲ, ನಿನ್ನೆಯ ತನ್ನೊಡನೆ. ಸಣ್ಣ ತರಗತಿಗಳಲ್ಲಿ ನಾವು ಒಪ್ಪಿಕೊಂಡ ಈ ವಿವೇಕವನ್ನು ಮಗು ಮಾಧ್ಯಮಿಕ ಹಂತಕ್ಕೆ ಬಂದೊಡನೆ ಮರೆಯುತ್ತೇವೆ. 2023ರಲ್ಲಿ ಐದು ಮತ್ತು ಎಂಟನೆಯ ತರಗತಿಗಳಿಗೆ ರಾಜ್ಯಮಟ್ಟದ ಪರೀಕ್ಷೆ ಬಂದಿತು. ಮರುವರ್ಷ ಅದು ನ್ಯಾಯಾಲಯಗಳ ಮೆಟ್ಟಿಲೇರಿತು, 2024ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯ ಫಲಿತಾಂಶಗಳಿಗೆ ತಡೆ ಹಾಕಿತು. ಪರೀಕ್ಷೆ ಇರಬೇಕೆ, ಬೇಡವೆ ಎಂಬ ವಾದದಲ್ಲಿ ಮುಳುಗಿದ್ದ ನಾವು, ಪರೀಕ್ಷೆಗೆ ಬಾರದೆ ಹೋದ ಮಗುವನ್ನು ಮತ್ತೆ ಮರೆತೆವು.

ಇದರಲ್ಲಿ ಇನ್ನೊಂದು ಅಪಾಯವಿದೆ. ಸಣ್ಣ ಊರಿನಲ್ಲಿ ಅಭಿಪ್ರಾಯವೆಂಬುದು ಬರಿಯ ಅಭಿಪ್ರಾಯವಾಗಿ ಉಳಿಯುವುದಿಲ್ಲ, ಅದು ಕಾರಣವಾಗಿ ಪರಿಣಮಿಸುತ್ತದೆ. "ಆ ಶಾಲೆ ಸರಿಯಿಲ್ಲ" ಎಂಬ ಮಾತು ಸಂತೆಯಲ್ಲಿ ಹಬ್ಬಿತೆನ್ನಿ. ಅನುಕೂಲವಿದ್ದ ನಾಲ್ಕು ಮನೆಯವರು ಮಕ್ಕಳನ್ನು ಬಿಡಿಸುತ್ತಾರೆ. ಉಪಾಧ್ಯಾಯರ ಹುದ್ದೆಗಳು ಮಕ್ಕಳ ಸಂಖ್ಯೆಯನ್ನು ಅನುಸರಿಸಿ ನಿಗದಿಯಾಗತಕ್ಕವು. ಕಾಯಿದೆ ಆರರಿಂದ ಎಂಟರವರೆಗೆ 35 ಮಕ್ಕಳಿಗೆ ಒಬ್ಬ ಉಪಾಧ್ಯಾಯರೆಂದು ಹೇಳುತ್ತದೆ. ವಿಜ್ಞಾನ-ಗಣಿತಕ್ಕೊಬ್ಬರು, ಸಮಾಜ ವಿಜ್ಞಾನಕ್ಕೊಬ್ಬರು, ಭಾಷೆಗೊಬ್ಬರು ಇರಲೇಬೇಕೆಂದೂ ಹೇಳುತ್ತದೆ. ಮಕ್ಕಳು 100ನ್ನು ಮೀರಿದರೆ ಪೂರ್ಣಾವಧಿಯ ಮುಖ್ಯೋಪಾಧ್ಯಾಯರು, ಚಿತ್ರಕಲೆಗೂ ದೈಹಿಕ ಶಿಕ್ಷಣಕ್ಕೂ ವೃತ್ತಿಶಿಕ್ಷಣಕ್ಕೂ ಅರೆಕಾಲಿಕ ಬೋಧಕರು ಇರಬೇಕೆನ್ನುತ್ತದೆ. ಕಾಗದದ ಮೇಲೆ ಎಲ್ಲವೂ ಸರಿ. ಆದರೆ ಸಂಖ್ಯೆ ಕುಗ್ಗಿದೊಡನೆ ಒಬ್ಬರು 'ಹೆಚ್ಚುವರಿ' ಎನಿಸಿ ಬೇರೆಡೆಗೆ ಹೋಗುತ್ತಾರೆ. ಉಳಿದವರು ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸುತ್ತಾರೆ. ಹಾಕಿಯ ನಾಡೆಂದು ಹೆಸರಾದ ನಮ್ಮಲ್ಲಿ ಆಟ ಕಲಿಸುವವರಿಲ್ಲದ ಶಾಲೆಯಾಗುತ್ತದೆ. ಆಗ ಬಿಡಿಸಿದವರು ಹೇಳುತ್ತಾರೆ: "ನೋಡಿದಿರಾ, ನಾವು ಹೇಳಲಿಲ್ಲವೆ?" ನಾವು ಹೇಳಿದ್ದರಿಂದಲೇ ಹಾಗಾಯಿತೆಂಬುದು ಯಾರ ಮನಸ್ಸಿಗೂ ಬರುವುದಿಲ್ಲ. ನನ್ನ ನೀಲಿ ಪುಸ್ತಕವೂ ಈ ಕೆಲಸದಲ್ಲಿ ತನ್ನ ಪಾಲನ್ನು ಸಲ್ಲಿಸಿತ್ತು. ಆ ತಂದೆಯೊಬ್ಬನಿಗೇ ನಾನು ಆ ಮಾತು ಹೇಳಿದ್ದಲ್ಲ.

ಹಾಗೆಂದು ಮಗುವನ್ನು ಒಳ್ಳೆಯ ಶಾಲೆಗೆ ಸೇರಿಸಬಯಸುವ ತಾಯಿತಂದೆಗಳನ್ನು ನಾನು ದೂಷಿಸಲಾರೆ. ಇಂಗ್ಲಿಷಿನ ಆಸೆಯನ್ನೂ ಹೀಯಾಳಿಸಲಾರೆ. ತಾಯ್ನುಡಿಯಲ್ಲಿ ಕಲಿಯಬೇಕೆಂಬ 1994ರ ಸರ್ಕಾರದ ಆಜ್ಞೆ, ಒತ್ತಾಯ ಕೂಡದೆಂಬ 2014ರ ಸರ್ವೋಚ್ಚ ನ್ಯಾಯಾಲಯದ ತೀರ್ಪು, ಇವುಗಳ ನಡುವೆ ವಿದ್ವಾಂಸರು ಬಹಳ ವಾದಿಸಿದ್ದಾರೆ. ಲೈನ್‌ಮನೆಯ ತಾಯಿ ಆ ವಾದವನ್ನು ಕೇಳಿದವಳಲ್ಲ. ತೋಟದ ಒಡೆಯರ ಮಕ್ಕಳು ಯಾವ ಭಾಷೆಯಲ್ಲಿ ಓದಿ ಮುಂದೆ ಬಂದರೆಂಬುದು ಮಾತ್ರ ಅವಳಿಗೆ ಗೊತ್ತು. ಅವಳ ಮಗಳಿಗಾದರೆ ಕನ್ನಡವೇ ಒಂದು ಕಲಿತ ಭಾಷೆ. 2018ರಿಂದ ಕರ್ನಾಟಕ ಪಬ್ಲಿಕ್ ಶಾಲೆಗಳು ಬಂದವು. 2019ರಲ್ಲಿ 1,000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ತೆರೆಯಲು ಸರ್ಕಾರ ಹೊರಟಿತು. ಒಂದೇ ಆವರಣದಲ್ಲಿ ಸಣ್ಣ ತರಗತಿಯಿಂದ ಪದವಿಪೂರ್ವದವರೆಗೆ ಒಳ್ಳೆಯ ಕಟ್ಟಡ, ವಿಷಯಕ್ಕೊಬ್ಬ ಉಪಾಧ್ಯಾಯರು ದೊರೆಯುವುದಾದರೆ ಅದು ಸ್ವಾಗತಾರ್ಹವೇ. ನನ್ನ ಕೇಳಿಕೆ ಇಷ್ಟೆ: ಆ ದೊಡ್ಡ ಶಾಲೆಯ ಬಾಗಿಲಿಗೂ ಲೈನ್‌ಮನೆಯ ಬಾಗಿಲಿಗೂ ನಡುವಣ ದಾರಿಯನ್ನು ಯಾರು ಅಳೆದಿದ್ದಾರೆ? ಹಿರಿಯ ಪ್ರಾಥಮಿಕ ಶಾಲೆ ಮಗುವಿನ ಮನೆಯಿಂದ 3 ಕಿಲೊಮೀಟರಿನೊಳಗೆ ಇರಬೇಕೆಂಬುದು ನಿಯಮ. ಕಠಿನವಾದ ಭೂಪ್ರದೇಶದಲ್ಲಿ ಆ ಮಿತಿಯನ್ನು ಇನ್ನೂ ಕುಗ್ಗಿಸಬಹುದೆಂದು ಕೇಂದ್ರದ 2010ರ ಮಾದರಿ ನಿಯಮಗಳು ಹೇಳುತ್ತವೆ. ಬಯಲಿನ 3 ಕಿಲೊಮೀಟರಿಗೂ, ಆಗಸ್ಟ್ ತಿಂಗಳಿನ ಕೊಡಗಿನ 3 ಕಿಲೊಮೀಟರಿಗೂ ಇರುವ ಅಂತರವನ್ನು 2018ರ ಮಡಿಕೇರಿಯ ಕಡೆಯ ಭೂಕುಸಿತವೂ 2019ರಲ್ಲಿ ನಮ್ಮದೇ ತಾಲ್ಲೂಕಿನ ತೋರದ ದುರಂತವೂ ಕಂಡ ಮೇಲೆ ಯಾರಿಗೂ ವಿವರಿಸಬೇಕಾಗಿಲ್ಲ.

ಹಾಗಾದರೆ ಶಾಲೆಗಳನ್ನು ಹೋಲಿಸುವ ಬಗೆ ಯಾವುದು? ನನ್ನ ತಪ್ಪಿನಿಂದ ನಾನು ಕಲಿತದ್ದು ಮೂರು ಲೆಕ್ಕಗಳನ್ನು. ಒಂದು, ಬಂದವರೆಷ್ಟು, ಉಳಿದವರೆಷ್ಟು: ಆರಕ್ಕೆ ಸೇರಿದ ಮಕ್ಕಳಲ್ಲಿ ಎಂಟನ್ನು ಮುಟ್ಟಿದವರ ಲೆಕ್ಕ. ಎರಡು, ಕಷ್ಟದ ತಿಂಗಳುಗಳ ಹಾಜರಿ: ಜುಲೈ-ಆಗಸ್ಟಿನ ಮಳೆಯಲ್ಲಿ, ಡಿಸೆಂಬರಿನಿಂದಾಚೆಗಿನ ಕೊಯ್ಲಿನಲ್ಲಿ ತರಗತಿಯಲ್ಲಿ ಕುಳಿತವರೆಷ್ಟು. ಆರರಿಂದ ಎಂಟಕ್ಕೆ ವರ್ಷಕ್ಕೆ 220 ದಿನ ಪಾಠ ನಡೆಯಬೇಕೆಂಬುದು ಕಾಯಿದೆ. ಶಾಲೆ 220 ದಿನ ತೆರೆದಿದ್ದರೆ ಸಾಲದು, ಮಗುವಿನ ಪಾಲಿಗೆ ಎಷ್ಟು ದಿನ ತೆರೆದಿತ್ತೆಂಬುದೇ ಮುಖ್ಯ. ಮೂರು, ನಡೆದ ದೂರ: ಮಗು ಬಂದಾಗ ಏನು ಬಲ್ಲದಾಗಿತ್ತು, ಹೋಗುವಾಗ ಏನು ಬಲ್ಲದಾಯಿತು. ಈ ಮೂರನ್ನು ಪ್ರತಿ ಶಾಲೆಯೂ ವರ್ಷಕ್ಕೊಮ್ಮೆ ತನ್ನ ಫಲಕದ ಮೇಲೆ ಬರೆಯಲಿ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಲ್ಲಿ ತಾಯಿತಂದೆಗಳದೇ ಬಹುಮತವಲ್ಲವೆ? ಕಟ್ಟಡದ ಬಣ್ಣ, ವಾರ್ಷಿಕೋತ್ಸವದ ಶಾಮಿಯಾನ ಇವುಗಳ ಜೊತೆಗೆ ಈ ಮೂರು ಸಂಖ್ಯೆಗಳನ್ನೂ ಆ ಸಮಿತಿಗಳು ಕೇಳಲಿ.

ಕೇಳಿ ಸುಮ್ಮನಿರುವುದಕ್ಕಲ್ಲ. ಪೇಟೆಯ ಶಾಲೆಯ ಗಣಿತದ ಉಪಾಧ್ಯಾಯರು ವಾರಕ್ಕೊಂದು ದಿನ ತೋಟದಂಚಿನ ಶಾಲೆಗೆ ಹೋಗಿ ಪಾಠ ಹೇಳುವಂತಾದರೆ ಆಕಾಶ ಕಳಚಿ ಬೀಳುವುದಿಲ್ಲ. ತೋಟದಂಚಿನ ಮುಖ್ಯೋಪಾಧ್ಯಾಯರು ಪೇಟೆಯ ಶಾಲೆಗೆ ಬಂದು, ಬಾರದ ಮಗುವನ್ನು ಹೇಗೆ ಹುಡುಕಬೇಕೆಂದು ತಿಳಿಸಿದರೆ ಅದೂ ಒಂದು ತರಬೇತಿಯೇ. ತೋಟದ ಒಡೆಯರು ಮನಸ್ಸು ಮಾಡಿದರೆ ಬೆಳಗಿನ ಕೂಲಿಯಾಳುಗಳ ಜೀಪು ಮಕ್ಕಳಿಗಾಗಿ ಇನ್ನೊಂದು ಸುತ್ತು ಬರಬಹುದು. ಬಸ್ಸಿನ ವೇಳೆಯನ್ನು ಅರ್ಧ ಗಂಟೆ ಆಚೀಚೆ ಮಾಡಿಸುವುದು ಒಂದು ಪಂಚಾಯತಿಗೆ ಆಗದ ಕೆಲಸವೇನಲ್ಲ. ಇವೆಲ್ಲ ಸಣ್ಣ ಸಂಗತಿಗಳು. ಆ ಹುಡುಗಿ ಶಾಲೆ ಬಿಟ್ಟದ್ದೂ ಸಣ್ಣ ಸಂಗತಿಗಳಿಂದಲೇ.

ಮತ್ತೆ ನನ್ನ ಜಗಲಿಗೆ ಬರುತ್ತೇನೆ. ಆ ತಾಯಿಗೆ ನಾನು ನಡೆದುದೆಲ್ಲವನ್ನೂ ಹೇಳಿ, ಹಿಂದೆ ನಿನ್ನ ತಂದೆಗೆ ತಪ್ಪು ಹೇಳಿದೆನಮ್ಮಾ ಎಂದೆ. ಅವಳು ತುಸು ಹೊತ್ತು ಸುಮ್ಮನಿದ್ದು, "ಅಪ್ಪ ನಿಮ್ಮನ್ನು ಬೈಯಲಿಲ್ಲ ಮೇಷ್ಟ್ರೇ, ನನ್ನನ್ನೇ ಬೈದದ್ದು," ಎಂದಳು. ಅದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾರೂ ನನಗೆ ವಿಧಿಸಲಾರರು.

ಈ ಸಲ ನಾನು ಉತ್ತರ ಹೇಳಲಿಲ್ಲ. ಅವಳ ಜೊತೆ ಹೊರಟೆ. ಎರಡು ಶಾಲೆಗಳಿಗೂ ಹೋದೆವು. ನನ್ನ ಮೂರು ಲೆಕ್ಕಗಳನ್ನು ಮನಸ್ಸಿನಲ್ಲಿಯೇ ಜೋಡಿಸಿಕೊಂಡು ಹೋಗಿದ್ದೆ. ಆದರೆ ಎರಡು ಕಡೆಯೂ ಮೊದಲು ಮಾತಾಡಿದವಳು ಅವಳೇ. ಕೇಳಿದ್ದು ಒಂದೇ ಪ್ರಶ್ನೆ: "ಇವಳು ಒಂದು ದಿನ ಬಾರದಿದ್ದರೆ ಯಾರು ಕೇಳುತ್ತಾರೆ?"

ಪೇಟೆಯ ಶಾಲೆಯ ತರುಣ ಉಪಾಧ್ಯಾಯಿನಿ ಒಡನೆಯೇ ಉತ್ತರ ಹೇಳಲಿಲ್ಲ. ಹಾಜರಿ ಪುಸ್ತಕ ತೆರೆದು, ಅಮ್ಮನ ಫೋನಿನ ಸಂಖ್ಯೆಯನ್ನು ಕೇಳಿ ಅಂಚಿನಲ್ಲಿ ಬರೆದುಕೊಂಡು, "ಇನ್ನು ಮೇಲೆ ನಾನು ಕೇಳುತ್ತೇನೆ," ಎಂದಳು. ತೋಟದಂಚಿನ ಶಾಲೆಯಲ್ಲಿ ಹಳೆಯ ಮುಖ್ಯೋಪಾಧ್ಯಾಯರು ನಿವೃತ್ತರಾಗಿ ಬಹಳ ಕಾಲವಾಗಿದೆ. ಮಕ್ಕಳ ಸಂಖ್ಯೆ ಕುಗ್ಗಿದೆ. ಗಣಿತಕ್ಕೆ ಇಂದಿಗೂ ಒಬ್ಬರಿಲ್ಲ. ಅಲ್ಲಿ ಆ ಪ್ರಶ್ನೆಗೆ ಉತ್ತರ ಕೊಟ್ಟವಳು ಬಿಸಿಯೂಟ ಬಡಿಸುವ ಹೆಂಗಸು: "ತಟ್ಟೆ ಒಂದು ಕಡಮೆಯಾದರೆ ನನಗೆ ಗೊತ್ತಾಗುವುದಿಲ್ಲವಾ?"

ಹುಡುಗಿ ಸದ್ಯಕ್ಕೆ ಇದ್ದ ಶಾಲೆಯಲ್ಲಿಯೇ ಆರನೆಯ ತರಗತಿಗೆ ಹೋಗುತ್ತಿದ್ದಾಳೆ. ಆರಿಸಿದವಳು ತಾಯಿ, ನಾನಲ್ಲ. ಶನಿವಾರಗಳಲ್ಲಿ ಪಾಠ ಮುಗಿದ ಮೇಲೆ ನಾನು ಬಸ್ಸು ಹತ್ತಿ ಅಲ್ಲಿಗೆ ಹೋಗಿ ಭಿನ್ನರಾಶಿ ಹೇಳಿಕೊಡುತ್ತೇನೆ. ಹೋದ ವಾರ ಒಂಬತ್ತು ಮಕ್ಕಳಿದ್ದರು. ಅದಕ್ಕೆ ಹಿಂದಿನ ವಾರ ಹತ್ತು. ಹತ್ತನೆಯ ಹುಡುಗ ಎಲ್ಲಿ ಎಂದು ಕೇಳಿದೆ, ಜ್ವರವಂತೆ. ನೀಲಿ ಪುಸ್ತಕದ ಕೊನೆಯಲ್ಲಿ ಕೆಲವು ಹಾಳೆಗಳು ಖಾಲಿ ಉಳಿದಿದ್ದವು. ಅಲ್ಲಿ ಅವನ ಹೆಸರನ್ನು ಬರೆದುಕೊಂಡಿದ್ದೇನೆ.